ಫೋನಲ್ಲಿ ಮಾತ್ರ ಒತ್ತಕ್ಷರ ಕಟ್ ಆಗ್ತದೆ, ಡೆವ್‌ಟೂಲ್ಸಲ್ಲಿ (ಬ್ರೌಸರಲ್ಲೇ ಇರುವ ಪೇಜ್ ಪರೀಕ್ಷಿಸುವ ಸಾಧನ) ನೋಡಿದ್ರೆ ಎಲ್ಲ ಸರಿ ಉಂಟು, ಎಂತ ಮಾಡೂದು?

ಬದಿಯಡ್ಕದವ:
ನಮ್ಮೂರಿನ ವಾಚನಾಲಯಕ್ಕೆ ಸಣ್ಣ ಸೈಟ್ ಮಾಡ್ತಾ ಇದ್ದೇನೆ, ಕನ್ನಡ ಮಲಯಾಳ ಎರಡೂ ಉಂಟು. ಲ್ಯಾಪ್‌ಟಾಪಲ್ಲಿ ಚಂದ ಕಾಣ್ತದೆ, ಫೋನಲ್ಲಿ ತೆರೆದ್ರೆ ಕನ್ನಡ ಹೆಡ್ಡಿಂಗಿನ ಅಕ್ಷರವೇ ಬೇರೆ ಥರ, ಅದೂ ಅಲ್ದೆ "ಪುಸ್ತಕ" ಅಂತ ಇದ್ದಲ್ಲಿ ತ ಒತ್ತಿನ ಅಡಿಭಾಗ ಕತ್ತರಿಸಿ ಹೋಗ್ತದೆ. ಕ್ರೋಮಲ್ಲಿ ಎಫ್12 ಒತ್ತಿ ಡೆವ್‌ಟೂಲ್ಸ್ ತೆರೆದು, ಕಂಟ್ರೋಲ್ ಶಿಫ್ಟ್ ಎಂ ಕೊಟ್ಟು ಫೋನ್ ಸೈಜಿಗೆ ತಂದು ನೋಡಿದೆ, ಅಲ್ಲಿ ಎಂತ ತೊಂದ್ರೆಯೂ ಇಲ್ಲ. ಫಾಂಟ್ ಬಾಲೂ ತಮ್ಮ 2, ಫೈಲ್ ನಮ್ಮ ಸರ್ವರಲ್ಲೇ ಉಂಟು. ಮಲಯಾಳಕ್ಕೆ ಬೇರೆ ಫಾಂಟ್, ಅದು ಫೋನಲ್ಲೂ ಸರಿ ಬರ್ತದೆ.

ಉಪ್ಪಳ ಕೋಡರ್:
ಒತ್ತು ಕಟ್ ಆಗುದು ಹೆಚ್ಚಾಗಿ ಲೈನ್ ಹೈಟಿನಿಂದ ಮಾರಾಯ, ಅಂದ್ರೆ ಒಂದು ಸಾಲಿಗೆ ಅಕ್ಷರದ ಸೈಜಿನ ಎಷ್ಟು ಪಟ್ಟು ಎತ್ತರ ಅಂತ. ರೆಡಿಮೇಡ್ ಥೀಮಾದ್ರೆ ಇಂಗ್ಲಿಷ್ ನೋಡಿಕೊಂಡು 1.1 ಇಟ್ಟಿರ್ತಾರೆ, ಮೇಲಿಂದ ಓವರ್‌ಫ್ಲೋ ಹಿಡನ್ (ಚೌಕದಿಂದ ಹೊರಗೆ ಹೋದದ್ದನ್ನು ಅಡಗಿಸುದು) ಬೇರೆ, ನಮ್ಮ ಒತ್ತಿಗೆ ಜಾಗ ಎಲ್ಲಿ? ಹೆಡ್ಡಿಂಗ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಕೊಡು, ಸ್ಟೈಲ್ಸಲ್ಲಿ ಆ 1.1 ಕ್ಲಿಕ್ ಮಾಡಿ ಆಲ್ಟ್ ಹಿಡಿದು ಮೇಲಿನ ಆರೋ ಒತ್ತಿದ್ರೆ 0.1ರ ಹಾಗೆ ಏರ್ತದೆ. ಪೇಜ್ ರಿಫ್ರೆಶ್ ಮಾಡಿದ್ರೆ ಹೋಗ್ತದೆ, ಸರಿಯಾದ ನಂಬರನ್ನು ಸಿಎಸ್‌ಎಸ್ ಫೈಲಲ್ಲಿ (ಪೇಜ್ ಹೇಗೆ ಕಾಣ್ಬೇಕು ಅಂತ ಬರೆದಿಡುವ ಫೈಲ್) ಹಾಕ್ಲಿಕ್ಕೆ ಮರೀಬೇಡ.

ಮಂಜೇಶ್ವರ ವೆಬ್:
ಲೈನ್ ಹೈಟ್ ಸರಿ, ಆದ್ರೆ ಅಕ್ಷರವೇ ಬೇರೆ ಥರ ಅಂತ ಅವ ಹೇಳಿದ್ದಾನಲ್ಲ, ಮೊದಲು ಅದನ್ನು ನೋಡ್ಬೇಕು. ಡೆವ್‌ಟೂಲ್ಸಿನ ಡಿವೈಸ್ ಮೋಡ್ ಅಂದ್ರೆ ಫೋನ್ ಅಲ್ಲ, ಅದು ಸ್ಕ್ರೀನ್ ಸೈಜ್, ಟಚ್, ಯೂಸರ್ ಏಜೆಂಟ್ (ಬ್ರೌಸರ್ ಸೈಟಿಗೆ ಹೇಳುವ ತನ್ನ ಗುರುತು) ಇಷ್ಟನ್ನು ಫೋನಿನ ಹಾಗೆ ತೋರಿಸ್ತದೆ, ಫಾಂಟ್ ಮಾತ್ರ ನಿಮ್ಮ ಲ್ಯಾಪ್‌ಟಾಪಿಂದೇ. ಬಾಲೂ ತಮ್ಮ ನಿಮ್ಮ ಕಂಪ್ಯೂಟರಲ್ಲಿ ಇನ್‌ಸ್ಟಾಲ್ ಆಗಿದ್ರೆ ಸರ್ವರಿಂದ ಬರದಿದ್ರೂ ನಿಮಗೆ ಗೊತ್ತೇ ಆಗುದಿಲ್ಲ! ಕಂಪ್ಯೂಟೆಡ್ ಟ್ಯಾಬಿನ ಕೆಳಗಡೆ ರೆಂಡರ್ಡ್ ಫಾಂಟ್ಸ್ ಅಂತ ಇರ್ತದೆ ನೋಡಿ, ಹೆಸರಿನ ಪಕ್ಕ ನೆಟ್‌ವರ್ಕ್ ರಿಸೋರ್ಸ್ (ಸರ್ವರಿಂದ ಬಂದದ್ದು) ಅಂತ ಉಂಟಾ ಲೋಕಲ್ ಫೈಲ್ (ನಿಮ್ಮ ಕಂಪ್ಯೂಟರಿಂದೇ) ಅಂತ ಉಂಟಾ.
ನಿಜವಾದ ಫೋನನ್ನೇ ನೋಡ್ಬೇಕಂದ್ರೆ ಆಂಡ್ರಾಯ್ಡಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೀರಿ, ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ ಕೇಬಲ್ ಹಾಕಿ (ಬರೀ ಚಾರ್ಜಿಂಗಿನ ಕೇಬಲ್ ಆಗುದಿಲ್ಲ, ಡೇಟಾ ಹೋಗುವಂಥದ್ದು ಬೇಕು), ಲ್ಯಾಪ್‌ಟಾಪಿನ ಅಡ್ರೆಸ್ ಬಾರಲ್ಲಿ ಕ್ರೋಮ್://ಇನ್‌ಸ್ಪೆಕ್ಟ್ ಕೊಟ್ರೆ ಫೋನಲ್ಲಿ ತೆರೆದ ಟ್ಯಾಬ್ ಎಲ್ಲ ಬರ್ತದೆ. ಅಲ್ಲಿ ನೆಟ್‌ವರ್ಕಿಗೆ ಹೋಗಿ ಫಾಂಟ್ ಫಿಲ್ಟರ್ ಹಾಕಿ ರೀಲೋಡ್ ಮಾಡಿ.

ಬದಿಯಡ್ಕದವ:
ಸಿಕ್ಕಿತು ಮಾರಾಯ್ರೆ! ಲ್ಯಾಪ್‌ಟಾಪಲ್ಲಿ ಲೋಕಲ್ ಫೈಲ್ ಅಂತಲೇ ಉಂಟು, ಫೋನಿನ ನೆಟ್‌ವರ್ಕಲ್ಲಿ ಫಾಂಟ್ ಫೈಲ್ ಕೆಂಪಾಗಿ 404, ಅಂದ್ರೆ ಫೈಲ್ ಸಿಕ್ಕಲಿಲ್ಲ ಅಂತ. ಸಿಎಸ್‌ಎಸ್ಸಲ್ಲಿ ಹೆಸರಿನ ಮೊದಲ ಅಕ್ಷರ ಕ್ಯಾಪಿಟಲ್, ಸರ್ವರಲ್ಲಿರುವ ಫೈಲಿಗೆ ಸ್ಮಾಲ್. ವಿಂಡೋಸಲ್ಲಿ ನಡೀತದೆ, ಲಿನಕ್ಸ್ ಸರ್ವರ್ ಎರಡನ್ನೂ ಬೇರೆ ಬೇರೆ ಅಂತ ನೋಡ್ತದಲ್ಲ. ಈಗ ಅಕ್ಷರ ಸರಿ ಬಂತು, ಒತ್ತು ಕಟ್ ಆಗುದು 1.5ಕ್ಕೆ ಏರಿಸಿದ ಮೇಲೆ ನಿಂತಿತು. ಐಫೋನಲ್ಲಿ ಇದೇ ಥರ ನೋಡ್ಲಿಕ್ಕೆ ಆಗ್ತದಾ?

ಕುಂಬಳೆ ಹಳಬ:
ಐಫೋನಿಗೆ ಮ್ಯಾಕ್ ಬೇಕು, ಅದರ ಸಫಾರಿಯ ಡೆವಲಪ್ ಮೆನುವಲ್ಲಿ ಫೋನ್ ಬರ್ತದೆ, ಫೋನಿನ ಸಫಾರಿ ಸೆಟ್ಟಿಂಗಲ್ಲಿ ವೆಬ್ ಇನ್‌ಸ್ಪೆಕ್ಟರ್ ಆನ್ ಇರ್ಬೇಕು. ಫಾಂಟಿನ ವಿಷಯಕ್ಕೆ ನನಗೆ ಈಗಲೂ ಫೈರ್‌ಫಾಕ್ಸೇ ಇಷ್ಟ, ಇನ್‌ಸ್ಪೆಕ್ಟರಲ್ಲಿ ಫಾಂಟ್ಸ್ ಅಂತ ಬೇರೆಯೇ ಟ್ಯಾಬ್ ಕೊಟ್ಟಿದ್ದಾರೆ. 2006ರಲ್ಲಿ ಬಂದ ಫೈರ್‌ಬಗ್ (ಫೈರ್‌ಫಾಕ್ಸಿನ ಹಳೇ ಡೆವ್‌ಟೂಲ್ಸ್ ಆಡ್-ಆನ್) ಕಾಲದಿಂದ ಅದರಲ್ಲೇ ಕೂತವ ನಾನು, ಪಕ್ಷಪಾತ ಇರಬಹುದು.