ಪೆಂಡಾಲಿನ ಕಛೇರಿ ರೆಕಾರ್ಡಿಂಗ್: ಯಾವ ಮೈಕ್ ಜೋಡಿ, ಬೇರೆ ಪ್ರೀಆಂಪ್ ಬೇಕೇ?

ಮಂದ್ರಸ್ಥಾಯಿ (ಪ್ರಶ್ನೆ)

ಬೆಂಗಳೂರಿನಲ್ಲಿ ರಾಮನವಮಿ ಪೆಂಡಾಲಿನ ಕಛೇರಿಗಳನ್ನೂ ಬಡಾವಣೆಗಳ ಸಣ್ಣ ಸಭಾಂಗಣದ ಕಛೇರಿಗಳನ್ನೂ ಸ್ಟೀರಿಯೊದಲ್ಲಿ ರೆಕಾರ್ಡ್ ಮಾಡಬೇಕಿದೆ. ಹಾಡುಗಾರಿಕೆ, ಪಿಟೀಲು, ಮೃದಂಗ, ಜೊತೆಗೆ ಘಟ ಅಥವಾ ಖಂಜಿರ. ಒಂದೊಂದು ಕಛೇರಿ ಮೂರರಿಂದ ಮೂರೂವರೆ ಗಂಟೆ. ಸಂಘಟಕರ ಒಪ್ಪಿಗೆ ಇದೆ. ಎಲ್ಲವೂ ಒಂದೇ ಬೆನ್ನುಚೀಲದಲ್ಲಿ ಹಿಡಿಯಬೇಕು.

ಈಗಿರುವುದು ತಲೆಯ ಮೇಲೆ ಎಕ್ಸ್‌ವೈ ಮೈಕ್ (ಒಂದೇ ಜಾಗದಲ್ಲಿ ಓರೆಯಾಗಿ ಕೂತ ಎರಡು ಮೈಕ್) ಇರುವ ಕೈ ರೆಕಾರ್ಡರ್. ಸುಮಾರು 12 ಮೀಟರ್ ದೂರದಲ್ಲಿ, ನಡುಸಾಲಿನಲ್ಲಿ ಇಡುತ್ತಿದ್ದೇನೆ. ಆಲಾಪನೆ ಮೆಲ್ಲಗಾದಾಗ ಹಿಸ್ (ಸುಯ್ ಎಂಬ ಗದ್ದಲ) ಎದ್ದು ಕೇಳುತ್ತದೆ, ಪಿಟೀಲು ತೆಳ್ಳಗೆ ಬರುತ್ತದೆ, ಎಡ ಬಲ ಎಂಬುದೇ ಇಲ್ಲದೆ ಎಲ್ಲವೂ ನಡುವೆ ಗುಂಪಾಗುತ್ತದೆ. ಖರ್ಚು 70,000 ರೂಪಾಯಿಯೊಳಗೆ. ಹಿಸ್ ಪ್ರೀಆಂಪಿನದೋ (ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಭಾಗ) ಮೈಕಿನದೋ? ಬೇರೆ ಪ್ರೀಆಂಪ್ ಕೊಳ್ಳಬೇಕೇ? 32 ಬಿಟ್ ಫ್ಲೋಟ್ (ತೀರಾ ಸಣ್ಣ, ತೀರಾ ದೊಡ್ಡ ಸದ್ದೆರಡನ್ನೂ ಹಿಡಿಯುವ ಫೈಲ್ ರೂಪ) ರೆಕಾರ್ಡರ್ ಇದ್ದರೆ ಮಟ್ಟ ನೋಡಿಕೊಳ್ಳುವ ಗೋಜೇ ಇಲ್ಲ ಅನ್ನುತ್ತಾರೆ, ನಿಜವೇ?

ನಾದಬಿಂದು

ಪ್ರೀಆಂಪಿಗೆ ದುಡ್ಡು ಹಾಕುವ ಮೊದಲು 12 ಮೀಟರನ್ನು 2 ಮೀಟರಿಗೆ ಇಳಿಸಿ. ದೂರ ಅರ್ಧವಾದಾಗಲೆಲ್ಲ ನೇರ ಸದ್ದು 6 ಡಿಬಿ (ಡೆಸಿಬೆಲ್) ಏರುತ್ತದೆ. 12ರಿಂದ 2 ಮೀಟರಿಗೆ ಬಂದರೆ ಸುಮಾರು 15 ಡಿಬಿ ಲಾಭ. ಎಷ್ಟೇ ದುಬಾರಿ ಪ್ರೀಆಂಪ್ ತಂದರೂ ಇಷ್ಟು ಕೊಡಲಾರದು.

ಹಿಸ್ಸಿನ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ, ಆಮೇಲೆ ಯಾವ ಜಾಹೀರಾತಿಗೂ ಮರುಳಾಗುವುದಿಲ್ಲ. ಉದಾಹರಣೆಗೆ ರೋಡ್ ಎನ್‌ಟಿ5 ಎಂಬ ಮೈಕ್ ತೆಗೆದುಕೊಳ್ಳಿ. ಅದರ ಸಂವೇದನೆ 94 ಡಿಬಿ ಸದ್ದಿಗೆ 12 ಮಿಲಿವೋಲ್ಟ್, ಅಂದರೆ ಸುಮಾರು -36 ಡಿಬಿಯು (ವೋಲ್ಟೇಜ್ ಅಳೆಯುವ ಡಿಬಿ). ಮೈಕಿನ ಸ್ವಂತ ಗದ್ದಲ 16 ಡಿಬಿಎ (ಕಿವಿಯ ಗ್ರಹಿಕೆಗೆ ಹೊಂದಿಸಿದ ಡಿಬಿ). 94ರಲ್ಲಿ 16 ಕಳೆದರೆ 78. ಹಾಗಾಗಿ ಆ ಗದ್ದಲ ಕೇಬಲ್ಲಿನಲ್ಲಿ -36ಕ್ಕಿಂತ 78 ಕೆಳಗೆ, -114 ಡಿಬಿಯು ಮಟ್ಟದಲ್ಲಿ ಕೂತಿರುತ್ತದೆ. ಪ್ರೀಆಂಪಿನ ಇನ್‌ಪುಟ್ ಗದ್ದಲ -127 ಡಿಬಿಯು ಇದ್ದರೆ ಒಟ್ಟು ಗದ್ದಲಕ್ಕೆ ಅದು ಸೇರಿಸುವುದು ಕಾಲು ಡಿಬಿಯೂ ಇಲ್ಲ. -120 ಡಿಬಿಯು ಇರುವ ಸಾಧಾರಣ ರೆಕಾರ್ಡರ್ ಕೂಡ ಸೇರಿಸುವುದು 1 ಡಿಬಿ. ಅದನ್ನು ಕಿವಿ ಗುರುತಿಸುವುದು ಕಷ್ಟ.

ಇನ್ನು ಫ್ಯಾನುಗಳು ತಿರುಗುವ ಪೆಂಡಾಲು. ಅಲ್ಲಿ ಹಿನ್ನೆಲೆ ಸದ್ದು 45 ಡಿಬಿಎಗಿಂತ ಕೆಳಗಿಳಿಯುವುದೇ ಅಪರೂಪ. 16 ಡಿಬಿಎ ಮೈಕ್ ಅದಕ್ಕಿಂತ 29 ಡಿಬಿ ಕೆಳಗಿದೆ. ನಿಮಗೆ ಕೇಳಿಸುವ ಹಿಸ್ಸಿನಲ್ಲಿ ಒಂದು ಪಾಲು ಕೈ ರೆಕಾರ್ಡರಿನ ಪುಟ್ಟ ಕ್ಯಾಪ್ಸೂಲಿನದು (ಮೈಕಿನಲ್ಲಿ ಸದ್ದು ಹಿಡಿಯುವ ತಲೆ). ಉಳಿದದ್ದು ಫ್ಯಾನು, ರಸ್ತೆ, ಪಿಎ (ಸಭೆಗೆ ಕೇಳಿಸುವ ಧ್ವನಿವರ್ಧಕ ವ್ಯವಸ್ಥೆ) ಸ್ಪೀಕರಿನ ಉಸಿರು. ದೂರ ಕೂತು ಗೇನ್ (ಸದ್ದನ್ನು ಹಿಗ್ಗಿಸುವ ಮಟ್ಟ) ಏರಿಸಿದ್ದರಿಂದ ಮೂರೂ ಮೇಲೆದ್ದಿವೆ.

ಬೇರೆ ಪ್ರೀಆಂಪ್ ಬೇಕಾಗುವುದು ಎಸ್‌ಎಂ57, ಎಸ್‌ಎಂ58ನಂಥ ಡೈನಮಿಕ್ (ಕರೆಂಟು ಬೇಡದ) ಮೈಕನ್ನು ದೂರದಲ್ಲಿಟ್ಟಾಗ. ಅವುಗಳ ಸಂವೇದನೆ 2 ಮಿಲಿವೋಲ್ಟಿಗೂ ಕಡಿಮೆ, ಆಗ ಪ್ರೀಆಂಪಿನ ಗದ್ದಲವೇ ಮುಂದೆ ಬರುತ್ತದೆ. ಎನ್‌ಟಿ5ನಂಥ ಕಂಡೆನ್ಸರ್ (ಕರೆಂಟು ಬೇಡುವ) ಜೋಡಿಯನ್ನು ಒಳ್ಳೆಯ ಫೀಲ್ಡ್ ರೆಕಾರ್ಡರಿಗೆ ಚುಚ್ಚುವವರಿಗೆ ಅದರ ಗರಜಿಲ್ಲ.

ಎರಡುಕಾಲು_ಸ್ಟ್ಯಾಂಡ್

ಮೇಲಿನದಕ್ಕೆ ಮೈಕಿನ ಆಯ್ಕೆ ಮತ್ತು ಜಾಗದ ಮಾತು ಸೇರಿಸುತ್ತೇನೆ.

ಜಾಗ: ವೇದಿಕೆಯ ಅಂಚಿನ ಮುಂದೆ, ನೆಲದ ಮೇಲೆ ಸ್ಟ್ಯಾಂಡ್. ಮೈಕಿನ ಎತ್ತರ ಕೂತ ಗಾಯಕರ ತಲೆಗಿಂತ ಒಂದು ಗೇಣು ಮೇಲೆ, ಸ್ವಲ್ಪ ಕೆಳಮುಖ. ಇಲ್ಲಿ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನು ಹೆಚ್ಚು, ಬೆನ್ನ ಹಿಂದಿನದನ್ನು ಕಡಿಮೆ ಹಿಡಿಯುವ ಮೈಕ್) ಹಾಕಿದರೆ ಪೆಂಡಾಲಿನ ಮುಖ್ಯ ಸ್ಪೀಕರುಗಳು ಮೈಕಿನ ಬೆನ್ನ ಕಡೆ ಬೀಳುತ್ತವೆ. ಮಾನಿಟರುಗಳೂ ಕಲಾವಿದರ ಕಡೆ ಮುಖ ಮಾಡಿರುವುದರಿಂದ ಅವುಗಳ ಬೆನ್ನೇ ಮೈಕಿಗೆ ಕಾಣುತ್ತದೆ. ನಡುಸಾಲಿನಲ್ಲಿ ಕೂತರೆ ಸಿಗುವುದು ಎರಡು ಸ್ಪೀಕರ್ ಕಂಬಗಳಿಂದ ಬರುವ ಒಂದೇ ಮೋನೊ ಸದ್ದು, ಅದೂ ಒಂದರಿಂದ ಒಂದು ಚೂರು ತಡವಾಗಿ. ಪಿಟೀಲು ತೆಳ್ಳಗಾಗುವುದು ಆ ತಡದಿಂದಲೇ. ಎರಡು ಅಲೆ ಸೇರಿದಾಗ ಕೆಲವು ಆವರ್ತನಗಳು ಒಂದನ್ನೊಂದು ನುಂಗುತ್ತವೆ.

ಜೋಡಿ: ಓಆರ್‌ಟಿಎಫ್ ಎಂಬ ಜೋಡಣೆ. ಕ್ಯಾಪ್ಸೂಲುಗಳ ನಡುವೆ 17 ಸೆಂಟಿಮೀಟರ್, ಕೋನ 110 ಡಿಗ್ರಿ. ಇದರ ರೆಕಾರ್ಡಿಂಗ್ ಕೋನ (ಎಡ ಸ್ಪೀಕರಿನಿಂದ ಬಲ ಸ್ಪೀಕರಿನವರೆಗೆ ಹರಡಿ ಕೇಳುವ ವ್ಯಾಪ್ತಿ) ಸುಮಾರು 96 ಡಿಗ್ರಿ, ನಡುಗೆರೆಯಿಂದ ಆಚೀಚೆ 48. ಪಿಟೀಲಿನಿಂದ ಮೃದಂಗದವರೆಗೆ 3 ಮೀಟರ್ ಅಗಲ ಇದ್ದು ಮೈಕ್ 2 ಮೀಟರ್ ದೂರ ಇದ್ದರೆ ಅವರಿಬ್ಬರೂ 37 ಡಿಗ್ರಿಯಲ್ಲಿ ಬೀಳುತ್ತಾರೆ. ಚಿತ್ರ ಹದವಾಗಿ ಹರಡುತ್ತದೆ. 1.5 ಮೀಟರಿಗೆ ಬಂದರೆ 45 ಡಿಗ್ರಿ, ಇಬ್ಬರೂ ಸ್ಪೀಕರಿನ ಅಂಚಿಗೆ ಅಂಟಿಕೊಳ್ಳುತ್ತಾರೆ. 90 ಡಿಗ್ರಿಯ ಎಕ್ಸ್‌ವೈ ಜೋಡಿಯ ರೆಕಾರ್ಡಿಂಗ್ ಕೋನ 180 ಡಿಗ್ರಿಯ ಆಸುಪಾಸು. ನಿಮ್ಮ ರೆಕಾರ್ಡಿಂಗ್ ನಡುವೆ ಗುಂಪಾಗುವುದಕ್ಕೆ ಕಾರಣ ಅದೇ.

ಮೃದಂಗ ವಾದಕರು ಎಡಗೈಯವರಾದರೆ ಪಿಟೀಲು, ಮೃದಂಗದ ಜಾಗ ಅದಲು ಬದಲಾಗುತ್ತದೆ, ಬಲಂತಲೆ (ಮೃದಂಗದ ಬಲಮುಖ) ಸಭಿಕರ ಕಡೆಗೇ ಇರಬೇಕಲ್ಲ. ಹಾಗಾಗಿ ಹಿಂದಿನ ದಿನದ ಅಳತೆಯನ್ನೇ ನಂಬಿ ಸ್ಟ್ಯಾಂಡ್ ನಿಲ್ಲಿಸಬೇಡಿ. ಕಲಾವಿದರು ಕೂತ ಮೇಲೆ ಒಂದು ಅಡಿ ಆಚೀಚೆ ಸರಿಸಿದರೆ ಬ್ಯಾಲೆನ್ಸ್ ಸರಿಹೋಗುತ್ತದೆ. ಮೃದಂಗ ಮುಂದಾದರೆ ಗೇನ್ ಮುಟ್ಟಬೇಡಿ, ಸ್ಟ್ಯಾಂಡನ್ನೇ ಪಿಟೀಲಿನ ಕಡೆಗೆ ತನ್ನಿ.

ಮೈಕ್: ನಿಮ್ಮ ಖರ್ಚಿಗೆ ಎನ್‌ಟಿ5 ಜೋಡಿ ಸಾಕು. ಮೇಲಿನ ಸ್ವರಗಳಲ್ಲಿ ತುಸು ಹೊಳಪು ಜಾಸ್ತಿ, ಆದ್ದರಿಂದ ಬಿಲ್ಲಿನ ಕಡೆಗೆ ನೇರ ಗುರಿ ಹಿಡಿಯಬೇಡಿ. ಸ್ವೀಡನ್ನಿನ ಲೈನ್ ಆಡಿಯೊ ಸಿಎಂ4 ನನಗೆ ಹೆಚ್ಚು ಇಷ್ಟ. ಪಕ್ಕದಿಂದ ಬರುವ ಸದ್ದಿನ ಬಣ್ಣ ಕೆಡುವುದಿಲ್ಲ, ಗಾತ್ರ ಬೆರಳಿನಷ್ಟು. ಆದರೆ ಅದು ಅಗಲ ಕಾರ್ಡಿಯಾಯ್ಡ್, ಬೆನ್ನ ಹಿಂದಿನ ಪಿಎ ಸದ್ದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಮೈಕಿಲ್ಲದೆ ಹಾಡುವ ಮನೆ ಕಛೇರಿಗೆ ಸಿಎಂ4, ಪೆಂಡಾಲಿಗೆ ಎನ್‌ಟಿ5. ಮುಂದೆ ದುಡ್ಡು ಕೂಡಿದರೆ ನಾಯ್ಮನ್ ಕೆಎಂ184 ಅಥವಾ ಶೋಪ್ಸ್ ಎಂಕೆ4 ನೋಡಬಹುದು. ಜಾಗ ಸರಿಯಿಲ್ಲದಿದ್ದರೆ ಅವೂ ನಿಮ್ಮನ್ನು ಕಾಪಾಡುವುದಿಲ್ಲ.

70,000ದಲ್ಲಿ ಸ್ಟ್ಯಾಂಡ್, ಸ್ಟೀರಿಯೊ ಬಾರ್, ಶಾಕ್ ಮೌಂಟ್, ಕೇಬಲ್, ತುಪ್ಪಳದ ಗಾಳಿಕವಚ ಇವಕ್ಕೆ ಮೊದಲೇ ಒಂದು ಪಾಲು ತೆಗೆದಿಡಿ. ಪೆಡೆಸ್ಟಲ್ ಫ್ಯಾನಿನ ಗಾಳಿ ಮೈಕಿಗೆ ಬಡಿದರೆ ಸ್ಪಂಜು ಕವಚ ಸಾಲದು, ತುಪ್ಪಳವೇ ಬೇಕು.

ಸೊನ್ನೆಡಿಬಿ

32 ಬಿಟ್ ಫ್ಲೋಟ್ ಬಗ್ಗೆ: ಅರ್ಧ ನಿಜ. ಝೂಮ್ ಎಫ್3 ರೆಕಾರ್ಡರ್ ನಿಮಗೆ ಹೊಂದುವ ಯಂತ್ರ. ಎರಡು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್ ಕಿಂಡಿ), ಅಂಗೈಯಗಲ, ಗೇನ್ ಗುಂಡಿಯೇ ಇಲ್ಲ. ಆದರೆ ಅದರ ಮೈಕ್ ಇನ್‌ಪುಟ್ +4 ಡಿಬಿಯು ದಾಟಿದರೆ ಅನಲಾಗ್ ಹಂತದಲ್ಲೇ (ಸದ್ದು ಅಂಕೆಗಳಾಗುವ ಮೊದಲೇ) ಒಡೆಯುತ್ತದೆ, ಆಮೇಲೆ ಫೈಲಿನಲ್ಲಿ ಎಷ್ಟು ಇಳಿಸಿದರೂ ಒಡೆದದ್ದು ಒಡೆದದ್ದೇ. ಎನ್‌ಟಿ5ನಿಂದ +4 ಡಿಬಿಯು ಬರಲು ಸುಮಾರು 134 ಡಿಬಿ ಸದ್ದು ಬೇಕು. 2 ಮೀಟರಿನಲ್ಲಿ ಮೃದಂಗ ಅಲ್ಲಿಗೆ ಹೋಗುವುದಿಲ್ಲ. ಸಂವೇದನೆ ಹೆಚ್ಚಿರುವ ಮೈಕ್ ಹಾಕುವವರು ಈ ಲೆಕ್ಕ ಮಾಡಿಕೊಳ್ಳಲೇಬೇಕು.

24 ಬಿಟ್ ರೆಕಾರ್ಡರ್ ಇರುವವರಿಗೆ: ವರ್ಣ ಹಾಡುವಾಗ ಮಟ್ಟ ಹೊಂದಿಸಿ ಸುಮ್ಮನಾಗಬೇಡಿ. ತನಿ ಆವರ್ತನದ (ತಾಳವಾದ್ಯಗಳೇ ನುಡಿಸುವ ಭಾಗ) ಮೋಹರ, ಕೋರ್ವೆಯಲ್ಲಿ ಮೃದಂಗ, ಘಟ ಒಟ್ಟಿಗೆ ಎದ್ದಾಗ ಅದಕ್ಕಿಂತ ತುಂಬ ಮೇಲೆ ಹೋಗುತ್ತದೆ. ವರ್ಣದಲ್ಲಿ ಶಿಖರ -20 ಡಿಬಿ ಸುತ್ತ ಇರಲಿ. 24 ಬಿಟ್‌ನಲ್ಲಿ ಇದರಿಂದ ಏನೂ ಕಳೆದುಹೋಗುವುದಿಲ್ಲ. ಲಿಮಿಟರ್ (ಜೋರು ಸದ್ದನ್ನು ತಾನೇ ತಗ್ಗಿಸುವ ಸೌಲಭ್ಯ) ಆಫ್.

ಕಛೇರಿ ಕೈಕೊಡುವುದು ಹೆಚ್ಚಾಗಿ ಕರೆಂಟಿನಿಂದ. ಎರಡು ಎಎ ರೀಚಾರ್ಜ್ ಸೆಲ್, 1.2 ವೋಲ್ಟ್, 2000 ಎಂಎಎಚ್ ಅಂದರೆ ಒಟ್ಟು 4.8 ವಾಟ್-ಗಂಟೆ. ಮೈಕ್ ಒಂದಕ್ಕೆ 4 ಮಿಲಿಆಂಪ್ ಎಳೆದರೆ 48 ವೋಲ್ಟಿನಲ್ಲಿ ಎರಡಕ್ಕೆ ಸುಮಾರು 0.4 ವಾಟ್. 2.4 ವೋಲ್ಟನ್ನು 48ಕ್ಕೆ ಏರಿಸುವಾಗ ಆಗುವ ನಷ್ಟ ಬೇರೆ, ರೆಕಾರ್ಡರಿನ ಸ್ವಂತ ಹಸಿವು ಬೇರೆ. ಮೂರೂವರೆ ಗಂಟೆಗೆ ಎಎ ನಂಬಬೇಡಿ. ಯುಎಸ್‌ಬಿ-ಸಿ ಪವರ್ ಬ್ಯಾಂಕ್ ಮುಖ್ಯ, ಒಳಗಿನ ಎಎ ಆಪತ್ತಿಗೆ. ಕೆಲವು ಪವರ್ ಬ್ಯಾಂಕುಗಳು ಎಳೆತ ಕಡಿಮೆ ಎಂದುಕೊಂಡು ತಾವೇ ಆರಿಹೋಗುತ್ತವೆ. ಮನೆಯಲ್ಲೇ ನಾಲ್ಕು ಗಂಟೆ ಓಡಿಸಿ ಪರೀಕ್ಷೆ ಮಾಡಿ, ಹೆಡ್‌ಫೋನಿನಲ್ಲಿ ಕೀರಲು ಸದ್ದು ಬಂದರೆ ಬ್ಯಾಂಕ್ ಬದಲಿಸಿ.

ಕಾರ್ಡು: 48 ಕಿಲೊಹರ್ಟ್ಸ್, 32 ಬಿಟ್, ಸ್ಟೀರಿಯೊ ಅಂದರೆ ಗಂಟೆಗೆ 1.38 ಜಿಬಿ. ಮೂರೂವರೆ ಗಂಟೆಗೆ 4.8 ಜಿಬಿ. ಫೈಲು ನಡುವೆ ತುಂಡಾಗಬಹುದು, ಗಾಬರಿ ಬೇಡ, ತುದಿಗೆ ತುದಿ ಜೋಡಿಸಿದರೆ ಒಂದು ಸ್ವರವೂ ಕಳೆಯುವುದಿಲ್ಲ. ಕಾರ್ಡನ್ನು ಫಾರ್ಮ್ಯಾಟ್ ಮಾಡುವುದು ರೆಕಾರ್ಡರಿನಲ್ಲೇ.

ಮಂದ್ರಸ್ಥಾಯಿ

ಎಲ್ಲರಿಗೂ ವಂದನೆ. ಎಫ್3 ಮತ್ತು ಎನ್‌ಟಿ5 ಜೋಡಿ ಎಂದು ಮನಸ್ಸು ಮಾಡಿದ್ದೇನೆ. ಪಿಎ ಮಿಕ್ಸರಿನಿಂದಲೂ ಒಂದು ಲೈನ್ ಕೊಡುತ್ತೇವೆ ಅಂದಿದ್ದಾರೆ. ಅದನ್ನು ತೆಗೆದುಕೊಳ್ಳಲೇ?

ನಾದಬಿಂದು

ಕೊಟ್ಟರೆ ಬಿಡಬೇಡಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಮಿಕ್ಸರಿನಲ್ಲಿ ಸ್ವರ, ಸಾಹಿತ್ಯ ಸ್ಪಷ್ಟ, ಸಭೆಯ ಉಸಿರು ಇಲ್ಲ. ಪಿಎ ಕೂಗದಿರಲಿ ಎಂದು ತೊಪ್ಪಿಯ (ಮೃದಂಗದ ಎಡಮುಖ) ಕೆಳಸ್ವರವನ್ನು ಕತ್ತರಿಸಿರುತ್ತಾರೆ. ನಿಮ್ಮ ಜೋಡಿಯೇ ಆಧಾರ. ಮಿಕ್ಸರ್ ಲೈನನ್ನು ಅದಕ್ಕಿಂತ 10–12 ಡಿಬಿ ಕೆಳಗೆ ಬೆರೆಸಿ, ಮಾತು ಬಿಡಿಸಿ ಕೇಳಿಸುವಷ್ಟು ಮಾತ್ರ.

ಎಫ್3ನಲ್ಲಿ ಇರುವುದು ಎರಡೇ ಇನ್‌ಪುಟ್. ನಾಲ್ಕು ಬೇಕೆಂದರೆ ಝೂಮ್ ಎಚ್6 ಎಸೆನ್ಷಿಯಲ್ ಅಥವಾ ಎಫ್6. ಎರಡು ಬೇರೆ ರೆಕಾರ್ಡರಿನಲ್ಲಿ ಹಿಡಿದರೆ ಗಡಿಯಾರಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷದಲ್ಲಿ 20 ಪಾಲು ವ್ಯತ್ಯಾಸವಿದ್ದರೂ ಮೂರೂವರೆ ಗಂಟೆಯ ಕೊನೆಗೆ ಕಾಲು ಸೆಕೆಂಡು ತಪ್ಪಿ, ಮಂಗಳದಲ್ಲಿ ಎರಡು ಮೃದಂಗ ಕೇಳುತ್ತದೆ. ಎರಡು ಹಾಡಿನ ನಡುವಿನ ಚಪ್ಪಾಳೆಯಲ್ಲಿ ಕತ್ತರಿಸಿ, ಪ್ರತಿ ಕೃತಿಯ ಆರಂಭದಲ್ಲೂ ಹೊಸದಾಗಿ ಹೊಂದಿಸುತ್ತ ಹೋಗಿ. ಮಿಕ್ಸರ್ ಲೈನಿಗೆ ಮೈಕಿನ ದೂರದ ತಡವನ್ನೂ ಕೊಡಿ, ಮೀಟರಿಗೆ ಸುಮಾರು 2.9 ಮಿಲಿಸೆಕೆಂಡ್.

ಮಿಕ್ಸರಿಗೆ ಸಿಕ್ಕಿಸುವ ಇನ್‌ಪುಟ್ಟಿನಲ್ಲಿ ಫ್ಯಾಂಟಮ್ (ಕೇಬಲ್ಲಿನಲ್ಲೇ ಮೈಕಿಗೆ ಹೋಗುವ 48 ವೋಲ್ಟ್) ಆಫ್, ಆಯ್ಕೆ ಲೈನ್. ಮೈಕ್ ಎಂದಿಟ್ಟರೆ ಖಂಡಿತ ಒಡೆಯುತ್ತದೆ. 50 ಅಥವಾ 100 ಹರ್ಟ್ಸ್ ಹಮ್ (ಕರೆಂಟಿನ ಗುಂಯ್ ಸದ್ದು) ಬಂದರೆ ನಡುವೆ 1:1 ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಹಮ್ ನಿಲ್ಲಿಸುವವರಿದ್ದಾರೆ, ಅದು ಜೀವಕ್ಕೇ ಅಪಾಯ, ದಯವಿಟ್ಟು ಮಾಡಬೇಡಿ, ಮಾಡಗೊಡಬೇಡಿ.

ಗೆಜ್ಜೆನಾದ

ಕರಾವಳಿಯಲ್ಲಿ ಯಕ್ಷಗಾನ ಬಯಲಾಟಕ್ಕೆ ಇದೇ ಸಾಮಾನು ಒಯ್ಯುವವರಿಗೆ ನಾಲ್ಕು ಮಾತು.

ಸ್ಟ್ಯಾಂಡನ್ನು ರಂಗಸ್ಥಳದ ಹಲಗೆಗೆ ತಾಗಿಸಬೇಡಿ, ಮಣ್ಣಿನ ಮೇಲೆ ನಿಲ್ಲಿಸಿ. ಧಿಗಿಣ (ವೇಷಧಾರಿಯ ಸುತ್ತು ಜಿಗಿತ) ಹೊಡೆದಾಗ ಹಲಗೆಯ ಗುದ್ದು ಸ್ಟ್ಯಾಂಡಿನ ಕಾಲಿನಿಂದಲೇ ಏರಿ ಬರುತ್ತದೆ, ಗೆಜ್ಜೆಯ ಸದ್ದೂ ಮಸುಕಾಗುತ್ತದೆ. ತೆಂಕುತಿಟ್ಟಿನ ಚೆಂಡೆಯ ಶಿಖರ ಹತ್ತಿರದಲ್ಲಿ 120 ಡಿಬಿ ದಾಟುವುದು ಸಹಜ. ಹಕ್ಕಿಯ ಕೂಗಿಗೆಂದು ಮಾಡಿಕೊಂಡ ತೀರಾ ಸೂಕ್ಷ್ಮವಾದ ಇಎಂ272 ಕ್ಯಾಪ್ಸೂಲಿನ ಮೈಕುಗಳನ್ನು ಅಲ್ಲಿ ಮುಂದೆ ಇಡಬೇಡಿ, ಭಾಗವತರ ಪದ ಚೆನ್ನಾಗಿ ಬಂದು ಚೆಂಡೆ ಬಿದ್ದಲ್ಲೆಲ್ಲ ಹರಿದುಹೋಗುತ್ತದೆ.

ರಾತ್ರಿ ಎರಡರ ಮೇಲೆ ಮಂಜು ಇಳಿಯುತ್ತದೆ. ಕಂಡೆನ್ಸರ್ ಕ್ಯಾಪ್ಸೂಲಿಗೆ ತೇವ ಕೂತರೆ ಮೊದಲು ಸಣ್ಣಗೆ ಹುರಿಗಡಲೆ ಸಿಡಿದಂತೆ ಚಟಚಟ, ಆಮೇಲೆ ಸದ್ದೇ ಕುಸಿಯುತ್ತದೆ. ಎಸಿ ಕಾರಿನಿಂದ ಮೈಕನ್ನು ನೇರ ಹೊರಗೆ ತೆಗೆಯಬೇಡಿ, ಚೀಲದಲ್ಲೇ ಅರ್ಧ ಗಂಟೆ ಬಿಡಿ. ಸಂಜೆಯೇ ಫ್ಯಾಂಟಮ್ ಹಾಕಿ ಮೈಕನ್ನು ಬೆಚ್ಚಗಿಡಿ, ತುಪ್ಪಳ ಕವಚ ತೆಗೆಯಬೇಡಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇರಲಿ. ಇಡೀ ಮಳೆಗಾಲ, ಚಳಿಗಾಲ ದುಡಿಯುವವರಿಗೆ ಸೆನ್‌ಹೈಸರ್ ಎಂಕೆಎಚ್ 8040ಯಂಥ ಆರ್‌ಎಫ್ ಕಂಡೆನ್ಸರ್ ಬೆಲೆಬಾಳುವುದು ಇಲ್ಲಿಯೇ, ತೇವಕ್ಕೆ ಅದು ಅಷ್ಟಾಗಿ ಜಗ್ಗುವುದಿಲ್ಲ.

ಜನರೇಟರ್ ಕರೆಂಟಿನ ಹಮ್ 50ಕ್ಕೆ ಸರಿಯಾಗಿ ನಿಲ್ಲುವುದಿಲ್ಲ, ಹೊರೆ ಏರಿಳಿದಂತೆ ಅದೂ ಜಾರುತ್ತದೆ. ಆಮೇಲೆ ನಾಚ್ ಫಿಲ್ಟರಿನಲ್ಲಿ (ಒಂದೇ ಆವರ್ತನ ಕತ್ತರಿಸುವಂಥದು) ತೆಗೆಯುವ ಆಸೆ ಬೇಡ. ಸ್ಟಾರ್-ಕ್ವಾಡ್ (ಹಮ್ ತಗ್ಗಿಸುವ ನಾಲ್ಕು ತಂತಿಯ) ಕೇಬಲ್ ತನ್ನಿ, ದೀಪದ ವೈರಿನ ಪಕ್ಕದಲ್ಲಿ ಉದ್ದಕ್ಕೆ ಎಳೆಯಬೇಡಿ, ದಾಟಲೇಬೇಕಾದರೆ ನೇರ ಅಡ್ಡಕ್ಕೆ ದಾಟಿಸಿ.

ಎರಡುಕಾಲು_ಸ್ಟ್ಯಾಂಡ್

ಒಂದು ಬಿಟ್ಟುಹೋಗಿತ್ತು. ಲೋ-ಕಟ್ (ಕೆಳಸ್ವರ ಕತ್ತರಿಸುವ ಫಿಲ್ಟರ್) 80 ಹರ್ಟ್ಸಿಗೆ ಹಾಕುವ ಅಭ್ಯಾಸ ಕಛೇರಿಗೆ ಬೇಡ, ತೊಪ್ಪಿಯ ಗುಂಕಿ (ಗುಂ ಎಂಬ ಕೆಳನಾದ) ಸಣಕಲಾಗುತ್ತದೆ. ರೆಕಾರ್ಡ್ ಮಾಡುವಾಗ ಏನೂ ಕತ್ತರಿಸದೆ, ಮನೆಗೆ ಬಂದ ಮೇಲೆ 35–40ರಲ್ಲಿ ಕತ್ತರಿಸಿ.

ಮತ್ತೆ, ಸಂಘಟಕರ ಒಪ್ಪಿಗೆ ಅಂದಿರಿ. ಕಲಾವಿದರದ್ದನ್ನೂ ಕೇಳಿ, ನಾಲ್ವರದ್ದೂ, ಪಕ್ಕವಾದ್ಯದವರೂ ಸೇರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮಿನಲ್ಲಿ ಪ್ರದರ್ಶಕರ ಹಕ್ಕು ಘಟ ನುಡಿಸುವವರಿಗೂ ಅಷ್ಟೇ ಇದೆ.