ಹಿತ್ತಿಲಲ್ಲಿ ಮರಗೆಲಸದ ಶೆಡ್: ಕಟ್ಟಿದವರು ಅನುಭವ ಹೇಳುವಿರಾ?

ಕೇಳಿದವರು: ಹೊಸ ಉಳಿ

ನಗರಸಭೆ ವ್ಯಾಪ್ತಿಯಲ್ಲಿ ನಮ್ಮದು 40x60 ನಿವೇಶನ. ಮನೆಯ ಹಿಂದೆ ಸುಮಾರು 16 ಅಡಿ ಖಾಲಿ ಇದೆ. ಒಂದು ನಿಂಬೆ ಗಿಡ, ಬಟ್ಟೆ ಒಗೆಯುವ ಕಲ್ಲು ಬಿಟ್ಟರೆ ಅಲ್ಲಿ ಏನೂ ಇಲ್ಲ. 10x14 ಅಡಿಯ ಶೆಡ್ ಹಾಕಿ, ಟೇಬಲ್ ಸಾ (ಮೇಜಿಗೆ ಕೂಡಿಸಿದ ಯಂತ್ರಗರಗಸ) ಮತ್ತು ಮರ ಕಡೆಯುವ ಸಣ್ಣ ಲೇತ್ ಇಟ್ಟುಕೊಂಡು ಮರಗೆಲಸ ಮಾಡುವ ಆಸೆ. ಸದ್ಯಕ್ಕೆ ಮಾರಾಟದ ಯೋಚನೆ ಇಲ್ಲ. ತಗಡಿನ ಶೆಡ್ಡಿಗೆ ಪರವಾನಗಿ ಬೇಡ ಎನ್ನುತ್ತಾರೆ ನಮ್ಮ ಮೇಸ್ತ್ರಿ. ನಿಜವೇ? ಖರ್ಚು ಎಷ್ಟು ಬೀಳಬಹುದು? ಕಟ್ಟಿದವರು ದಯವಿಟ್ಟು ತಿಳಿಸಿ.

ಬಯಲುಸೀಮೆಯವನು:

ಮೇಸ್ತ್ರಿಯ ಮಾತು ಬಿಡಿ. ನನಗೆ ವಾರ್ಡಿನ ಎಂಜಿನಿಯರೇ ಕಾಂಪೌಂಡಿನ ಆಚೆ ನಿಂತು, "ತಗಡು ತಾನೇ, ಹಾಕಿಕೊಳ್ಳಿ" ಎಂದಿದ್ದರು. ಜಿ.ಐ. ಪೈಪಿಗೆ 46,200, ತಗಡಿಗೆ 31,500, ವೆಲ್ಡಿಂಗ್ ಕೂಲಿ 22,000, ನೆಲದ ಕಾಂಕ್ರೀಟಿಗೆ 35,000. ಒಟ್ಟು 1,34,700 ರೂಪಾಯಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಯಾರೋ ದೂರು ಕೊಟ್ಟರು, ಎಂಜಿನಿಯರ್ ವರ್ಗವಾಗಿ ಬೇರೆಯವರು ಬಂದರು. ಮಹಾನಗರ ಪಾಲಿಕೆಗಳಿಗೆ ಅನ್ವಯವಾಗುವ 1976ರ ಪೌರ ನಿಗಮಗಳ ಕಾಯ್ದೆಯ 321ನೇ ಪ್ರಕರಣದ, ಅಂದರೆ ಪರವಾನಗಿ ಇಲ್ಲದ ಕಟ್ಟಡ ತೆರವಿನ, ನೋಟಿಸನ್ನು ಮೈದಾ ಗೋಂದು ಬಳಿದು ಅಂಟಿಸಿದ್ದು ಎಲ್ಲಿ ಗೊತ್ತೇ? ನಾನೇ ಕೀಸುಳಿ ಹಿಡಿದು ನುಣುಪು ಮಾಡಿದ ತೇಗದ ಬಾಗಿಲಿನ ಮೇಲೆ. ಅದನ್ನು ಕೀಳಲು ಬಿಸಿನೀರು ಹಾಕಿದರೆ ಮರದ ಎಳೆ ಎದ್ದಿತು. ಇವತ್ತಿಗೂ ಆ ಜಾಗ ಒರಟಾಗಿದೆ.

ಆ ಕಾಯ್ದೆಯಲ್ಲಿ ಕಟ್ಟಡ ಎಂದರೆ ಮನೆ ಮಾತ್ರವಲ್ಲ. ಹೊರಮನೆ, ಲಾಯ, ಶೆಡ್ಡು, ಗುಡಿಸಲು, ಗೋಡೆ ಎಲ್ಲವೂ ಕಟ್ಟಡವೇ. ಇಟ್ಟಿಗೆಯದಾಗಲಿ, ಮರದ್ದಾಗಲಿ, ಮಣ್ಣಿನದಾಗಲಿ, ಲೋಹದ್ದಾಗಲಿ ಬಿಡುವುದಿಲ್ಲ. ಮೊದಲು ತೆರವಿನ ತಾತ್ಕಾಲಿಕ ಆದೇಶ, ಸಮಜಾಯಿಷಿ ಕೊಟ್ಟ ಮೇಲೆ ಅದನ್ನೇ ಖಾಯಂ ಮಾಡುವ ಸ್ಥಿರೀಕರಣ ಆದೇಶ. ಕಳಚಲು 14,000 ಕೂಲಿ ಕೊಟ್ಟೆ. ಗುಜರಿಗೆ ಹಾಕಿದಾಗ ಬಂದದ್ದು 19,800. ನಮ್ಮ ಬೀದಿಯಲ್ಲಿ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ನುಂಗಿ ಮೂರು ಅಂತಸ್ತು ಎಬ್ಬಿಸಿದವರು ಆರಾಮವಾಗಿದ್ದಾರೆ. ತಗಡಿನ ಕೆಳಗೆ ಮಣೆ ಮಾಡಿಕೊಂಡಿದ್ದವನೇ ಕಣ್ಣಿಗೆ ಬಿದ್ದ.

ನಕ್ಷೆ ಪ್ರಕಾರ:

ಬಯಲುಸೀಮೆಯವರ ನೋವು ಅರ್ಥವಾಗುತ್ತದೆ. ಆದರೆ ಬಾಯಿಮಾತಿಗೆ ಬೆಲೆ ಇಲ್ಲವೆಂಬುದು ಮೊದಲೇ ಗೊತ್ತಿರುವ ಸಂಗತಿ. ನಾನು ಮನೆಯ ಮಂಜೂರಾದ ನಕ್ಷೆಯನ್ನು ತೆಗೆಸಿ, ನೋಂದಾಯಿತ ಎಂಜಿನಿಯರರಿಂದ ವಿಸ್ತರಣೆಯ ನಕ್ಷೆ ಬರೆಸಿ ಅರ್ಜಿ ಹಾಕಿದೆ. ನಮ್ಮ ನಕ್ಷೆಯಲ್ಲಿ ಹಿಂದೆ 2 ಮೀಟರ್ ಬಿಡಬೇಕೆಂದಿತ್ತು, ಬಿಟ್ಟೆ. ಒಂದು ಅಂಗುಲವೂ ಮುಂದೆ ಹೋಗಲಿಲ್ಲ. ಬೇರೆ ಶೆಡ್ ಮಾಡದೆ ಅಡುಗೆಮನೆಯ ಹಿಂಗೋಡೆಗೆ ತಾಗಿಸಿ ಕೋಣೆಯಂತೆ ತೋರಿಸಿದ್ದರಿಂದ ಪ್ರಶ್ನೆಗಳು ಕಡಿಮೆಯಾದವು. ನಕ್ಷೆಯಲ್ಲಿ "ಹವ್ಯಾಸದ ಕೋಣೆ" ಎಂದೇ ಬರೆಸಿದ್ದೇನೆ, ಸುಳ್ಳು ಬರೆಸಿಲ್ಲ.

ಖರ್ಚು ಕೇಳಿದ್ದೀರಿ. ಪಾಯ ಮತ್ತು ನೆಲ 62,000. ಹಾಲೋ ಬ್ಲಾಕ್ ಗೋಡೆ 48,000. ನಡುವೆ ಫೋಮ್ ಇರುವ ಪಫ್ ಶೀಟಿನ ಛಾವಣಿ 71,000. ಸಾದಾ ತಗಡಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಯಾರೂ ನಿಲ್ಲಲಾರರು, ಅಲ್ಲಿ ಹಣ ಉಳಿಸಬೇಡಿ. ವೈರಿಂಗ್, ಅರ್ತಿಂಗ್ ಗುಂಡಿ ಸೇರಿ 38,500. ಬಾಗಿಲು ಕಿಟಕಿ 29,000. ಒಟ್ಟು 2,48,500. ಎಂಜಿನಿಯರ್ ಶುಲ್ಕ 12,000 ಮತ್ತು ಕಟ್ಟಡ ಶುಲ್ಕ ಬೇರೆ. ಮುಂದಿನ ವರ್ಷದ ಆಸ್ತಿ ತೆರಿಗೆಯಲ್ಲಿ ಹೊಸ ವಿಸ್ತೀರ್ಣವನ್ನು ನಾನೇ ಘೋಷಿಸಿದೆ. ಇವತ್ತು ಯಾವ ಅಧಿಕಾರಿ ಬಂದರೂ ಫೈಲ್ ತೋರಿಸಿ ಚಹಾ ಕೊಟ್ಟು ಕಳುಹಿಸುತ್ತೇನೆ.

ಬಯಲುಸೀಮೆಯವನು:

ಫೈಲ್ ತೋರಿಸುವ ಸ್ವಾಮಿಗಳೇ, ಕಟ್ಟಡ ಶುಲ್ಕದ ಮೊತ್ತ ಮಾತ್ರ ಯಾಕೆ ಬರೆಯಲಿಲ್ಲ? ರಸೀದಿ ಇಲ್ಲದೆ ಕೊಟ್ಟದ್ದು ಎಷ್ಟು, ಅದನ್ನೂ ಬರೆಯಿರಿ.

ನಕ್ಷೆ ಪ್ರಕಾರ:

ಒಂದು ರೂಪಾಯಿಯೂ ಇಲ್ಲ. ರಸೀದಿ ಇರುವ 7,860 ರೂಪಾಯಿ, ಅಷ್ಟೇ. ಶುಲ್ಕ ಊರಿಂದೂರಿಗೆ ಬೇರೆ ಇರುತ್ತದೆ, ಕೇಳಿದವರು ನನ್ನ ಅಂಕಿ ನೋಡಿ ಮೋಸಹೋಗಬಾರದೆಂದು ಬರೆಯಲಿಲ್ಲ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮೂರು ಫೇಸ್:

ನೀವಿಬ್ಬರೂ ಗೋಡೆಯ ಬಗ್ಗೆ ಜಗಳವಾಡುತ್ತಿದ್ದೀರಿ. ನನ್ನನ್ನು ಹಿಡಿದದ್ದು ಮೀಟರ್. ನಾನು ಮಾಡುತ್ತಿದ್ದದ್ದು ಪೂಜಾ ಮಂಟಪ, ತೊಟ್ಟಿಲು. ಮೊದಲು ನೆಂಟರಿಗೆ, ಆಮೇಲೆ ನೆಂಟರ ನೆಂಟರಿಗೆ ಕಾಸು ತೆಗೆದುಕೊಂಡು ಕೊಟ್ಟೆ. ಮನೆಯ ಮೀಟರಿನಿಂದಲೇ ಹಲಗೆ ನುಣುಪು ಮಾಡುವ ಪ್ಲೇನರ್ ಓಡಿಸುತ್ತಿದ್ದೆ. ವಿದ್ಯುತ್ ಕಂಪನಿಯ ಜಾಗೃತ ದಳದವರು ಬಂದು ಮಂಟಪದ ಫೋಟೋ ತೆಗೆದುಕೊಂಡರು, ಸಂಪರ್ಕಿತ ಲೋಡ್ (ಜೋಡಿಸಿದ ಯಂತ್ರಗಳ ಒಟ್ಟು ವಿದ್ಯುತ್ ಸಾಮರ್ಥ್ಯ) ಬರೆದುಕೊಂಡರು. 2003ರ ವಿದ್ಯುತ್ ಕಾಯ್ದೆಯ 126ನೇ ಪ್ರಕರಣ ಗೊತ್ತಿರಲಿ: ಗೃಹಬಳಕೆಯ ಸಂಪರ್ಕವನ್ನು ಬೇರೆ ಕೆಲಸಕ್ಕೆ ಬಳಸಿದರೆ ಆ ಕೆಲಸಕ್ಕೆ ಅನ್ವಯವಾಗುವ ದರದ ಎರಡು ಪಟ್ಟು. ಯಾವಾಗಿನಿಂದ ಬಳಸಿದಿರಿ ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಲೆಕ್ಕ. ನನಗೆ ಬಂದದ್ದು 64,380 ರೂಪಾಯಿ. ಮೇಲ್ಮನವಿ ಹೋಗುತ್ತೇನೆ ಎಂದರೆ 127ನೇ ಪ್ರಕರಣದಡಿ ಮೊದಲು ಅರ್ಧ ಕಟ್ಟಬೇಕು. ಅರ್ಧ ಎಂದರೆ 32,190. ಮಗಳ ಕಾಲೇಜು ಶುಲ್ಕಕ್ಕೆ ಎತ್ತಿಟ್ಟಿದ್ದ ಹಣದಿಂದ ಕಟ್ಟಿದೆ. ಗೃಹಜ್ಯೋತಿಯ ಸೌಲಭ್ಯವೂ ನಿಂತಿತು.

ಇನ್ನು ಬೇರೆ ಸಂಪರ್ಕ ತೆಗೆದುಕೊಳ್ಳೋಣ ಎಂದರೆ, ನಕ್ಷೆಯಂತೆ ಕಟ್ಟಿದ್ದಕ್ಕೆ ಸಿಗುವ ಸ್ವಾಧೀನಾನುಭವ ಪತ್ರ ತನ್ನಿ ಎಂದರು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪತ್ರವಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಹೇಳಿದ ಮೇಲೆ ರಾಜ್ಯದಲ್ಲಿ ಎಷ್ಟು ಮನೆಗಳು ಕತ್ತಲಲ್ಲಿ ಕುಳಿತವು, ನಿಮಗೆಲ್ಲ ಗೊತ್ತಿದೆ. ಆಮೇಲೆ 1,200 ಚದರ ಅಡಿವರೆಗಿನ ನಿವೇಶನದ ವಾಸದ ಮನೆಗಳಿಗೆ ವಿನಾಯಿತಿ ಬಂತು. ನನ್ನ ನಿವೇಶನ 30x50. ಕೇಳಿದವರದು 40x60, ಅಂದರೆ 2,400 ಚದರ ಅಡಿ. ಆ ಲೆಕ್ಕವನ್ನು ಈಗಲೇ ಹಾಕಿಕೊಳ್ಳಿ. ಮಾರುವ ದಿನ ಬಂದರೆ ಉದ್ದಿಮೆ ಪರವಾನಗಿ, ಬೇರೆ ಮೀಟರ್ ಎರಡೂ ಬೇಕು. ಅಲ್ಲಿಯವರೆಗೆ ಒಂದು ಮಣೆಯನ್ನೂ ಕಾಸಿಗೆ ಕೊಡಬೇಡಿ.

ತೋಟದ ಮನೆ:

ಊರೊಳಗೆ ಯಾಕೆ ಕಟ್ಟುತ್ತೀರಿ? ನಾನು ತೋಟದಲ್ಲಿ ಹಾಕಿಕೊಂಡೆ, ಕೇಳುವವರಿಲ್ಲ. ಕೃಷಿಕ ತನ್ನ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಭೂ ಪರಿವರ್ತನೆ ಬೇಕಿಲ್ಲ. ಹಿಡುವಳಿಯ ಶೇ 10 ಮೀರಬಾರದು. ನನ್ನ ಸಿಲ್ವರ್ ಓಕ್ ಮರಗಳನ್ನು ನಾನೇ ಸೀಳಿಸಿ, ನೆರಳಲ್ಲಿ ಅಟ್ಟಿ ಕಟ್ಟಿ ಒಣಗಿಸುತ್ತೇನೆ. ಹಲಗೆಗಳ ನಡುವೆ ಬೆರಳು ಗಾತ್ರದ ಪಟ್ಟಿ ಇಟ್ಟು ಗಾಳಿ ಆಡಲು ಬಿಟ್ಟರೆ ಒಂದೂ ಸೊಟ್ಟಗಾಗುವುದಿಲ್ಲ. ಅಂಗಡಿಯ ಹಲಗೆಗೆ ಹೋಲಿಸಿದರೆ ಖರ್ಚು ಮೂರನೆಯ ಒಂದು ಭಾಗವೂ ಇಲ್ಲ.

ನಕ್ಷೆ ಪ್ರಕಾರ:

ಇದನ್ನು ಓದಿ ಯಾರೂ ಹೊರಡಬೇಡಿ. 1964ರ ಭೂ ಕಂದಾಯ ಕಾಯ್ದೆಯ 95ನೇ ಪ್ರಕರಣ ಹೇಳುವುದು ಕೃಷಿಕನ ವಾಸದ, ಕೃಷಿಯ ಕಟ್ಟಡದ ಮಾತು. ಮರಗೆಲಸದ ಕಾರ್ಖಾನೆಯ ಮಾತಲ್ಲ. ದುಂಡು ದಿಮ್ಮಿ ಸೀಳುವ ಯಂತ್ರ ಇಟ್ಟರಂತೂ ಸಾಮಿಲ್ ಪರವಾನಗಿಯ ಪ್ರಶ್ನೆ ಬರುತ್ತದೆ, ಅರಣ್ಯ ಇಲಾಖೆ ಬರುತ್ತದೆ.

ತೋಟದ ಮನೆ:

ಸೀಳಿಸುವುದು ಸಾಮಿಲ್ಲಿನಲ್ಲಿ, ಬಿಲ್ ಇದೆ. ನನ್ನ ಶೆಡ್ಡಿನಲ್ಲಿ ಇರುವುದು ನೇಗಿಲು, ಗುದ್ದಲಿ ಕಾವು, ಜೇನುಪೆಟ್ಟಿಗೆ. ಜೇನುಪೆಟ್ಟಿಗೆ ಕೃಷಿಯಲ್ಲವೇ? ಕಾಯ್ದೆ ಪುಸ್ತಕ ಓದಿದವರು ಒಮ್ಮೆ ತೋಟ ನೋಡಿ ಮಾತನಾಡಲಿ.

ಪಕ್ಕದ ಮನೆಯವಳು:

ಇಷ್ಟು ಜನ ಇಷ್ಟುದ್ದ ಬರೆದಿರಿ. ಪಕ್ಕದ ಮನೆ ಎಂಬ ಮಾತು "ಯಾರೋ ದೂರು ಕೊಟ್ಟರು" ಎಂಬಲ್ಲಿ ಮಾತ್ರ ಬಂತು. ಆ ಯಾರೋ ನಾನು ಎಂದುಕೊಳ್ಳಿ. ನಮ್ಮ ಗೋಡೆಯಿಂದ ಮೂರು ಅಡಿಗೆ ಒಬ್ಬರು ಶೆಡ್ ಹಾಕಿಕೊಂಡಿದ್ದಾರೆ. ಹವ್ಯಾಸವಂತೆ. ಭಾನುವಾರ ಬೆಳಿಗ್ಗೆ ಪ್ಲೇನರ್ ಶುರುವಾದರೆ ಹಾಸಿಗೆ ಹಿಡಿದ ನಮ್ಮ ಅತ್ತೆ ಕಿವಿ ಮುಚ್ಚಿಕೊಂಡು ಅಳುತ್ತಾರೆ. ಒಣಗಲು ಹಾಕಿದ ಸಂಡಿಗೆಯ ಮೇಲೆ ಮರದ ಪುಡಿ ಕೂತಿರುತ್ತದೆ. ಒರೆಸಿದರೆ ಹೋಗುವುದಿಲ್ಲ, ಹಿಟ್ಟಿನೊಳಗೆ ಇಳಿದಿರುತ್ತದೆ. ಒಂದು ಬೇಸಿಗೆಯ ಸಂಡಿಗೆ, ಹಪ್ಪಳ ಎಲ್ಲವನ್ನೂ ತಿಪ್ಪೆಗೆ ಚೆಲ್ಲಿದೆ.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಹವ್ಯಾಸಕ್ಕೆ ಬೇರೆ ಅಂಕಿ ಇಲ್ಲ. ನಕ್ಷೆ ಮಂಜೂರಾಗಿದ್ದರೂ ಇದು ತಪ್ಪುವುದಿಲ್ಲ, ನಕ್ಷೆಯವರೇ.

ಬಯಲುಸೀಮೆಯವನು:

ಅಮ್ಮಾ, ದೂರು ಕೊಡುವ ಮೊದಲು ಒಂದು ಸಲ ಬಾಗಿಲು ತಟ್ಟಬಹುದಿತ್ತಲ್ಲ? ನನ್ನ ಬಾಗಿಲನ್ನು ಯಾರೂ ತಟ್ಟಲಿಲ್ಲ. ತಟ್ಟಿದ್ದರೆ ಸಮಯ ಬದಲಿಸುತ್ತಿದ್ದೆ.

ಪಕ್ಕದ ಮನೆಯವಳು:

ತಟ್ಟಿದೆ. "ನಮ್ಮ ಜಾಗದಲ್ಲಿ ನಾವು ಏನಾದರೂ ಮಾಡಿಕೊಳ್ಳುತ್ತೇವೆ" ಎಂದರು. ಆಮೇಲೆ ಅರ್ಜಿ ಬರೆದೆ. ನಿಮ್ಮ ಪಕ್ಕದವರ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಬೇಡಿ.

ಸಾನ್ ಹೋಸೆ ಕನ್ನಡಿಗ:

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 120 ಚದರ ಅಡಿ ಮೀರದ ಒಂದಂತಸ್ತಿನ ಬಿಡಿ ಶೆಡ್ಡಿಗೆ ಕಟ್ಟಡ ಪರವಾನಗಿ ಬೇಡ. ನಾನು 10x12 ಕಟ್ಟಿದೆ, ಸರಿಯಾಗಿ 120. ಆದರೆ ವಿದ್ಯುತ್ ತಂತಿ ಎಳೆದರೆ ಅದಕ್ಕೆ ಬೇರೆ ಪರವಾನಗಿ. ಪ್ಲಾಸ್ಟಿಕ್ ಪೈಪನ್ನು 18 ಅಂಗುಲ ಆಳದಲ್ಲಿ ಹೂಳಬೇಕು, ಮಣ್ಣು ಮುಚ್ಚುವ ಮೊದಲು ತಪಾಸಣೆ. ಶೆಡ್ಡಿಗೆ 6,200 ಡಾಲರ್, ತಂತಿಗೆ 3,900. ಕೊನೆಗೆ ಬಡಾವಣೆಯ ಮಾಲೀಕರ ಸಂಘ ಬಣ್ಣ ಸರಿಯಿಲ್ಲವೆಂದು ಪತ್ರ ಕಳುಹಿಸಿತು, ಪೂರ್ತಿ ಮತ್ತೆ ಬಳಿಸಿದೆ. ನಿಯಮ ಅಕ್ಷರದಲ್ಲಿ ಇದ್ದರೆ ಎಷ್ಟು ನೆಮ್ಮದಿ ಎಂದು ಹೇಳಲು ಬರೆದೆ. ನಮ್ಮೂರಿನಲ್ಲೂ ಸಣ್ಣ ಶೆಡ್ಡಿಗೆ ಇಂಥದೊಂದು ಮಿತಿ ಬರಬೇಕು.

ಮೂರು ಫೇಸ್:

10,100 ಡಾಲರಿನಲ್ಲಿ ಇಲ್ಲಿ ಇಡೀ ಮನೆಗೆ ಮಹಡಿ ಹಾಕಬಹುದು. ಕೇಳಿದವರು ನಗರಸಭೆ ವ್ಯಾಪ್ತಿಯವರು ಸಾರ್, ಸಾನ್ ಹೋಸೆಯವರಲ್ಲ.

ಸಾನ್ ಹೋಸೆ ಕನ್ನಡಿಗ:

ನಾನೂ ಹಾಸನದ ಹಿತ್ತಿಲಲ್ಲಿ ಬೆಳೆದವನೇ. ಅಲ್ಲಿಯೂ ಕಟ್ಟುವ ಆಸೆ ಇದೆ, ಅದಕ್ಕೇ ಓದುತ್ತಿದ್ದೇನೆ.

ಕಟ್ಟಿಬಿಡಿ:

ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ. ಕಟ್ಟಿಬಿಡಿ, ಅಕ್ರಮ-ಸಕ್ರಮ ಬಂದಾಗ ದಂಡ ಕಟ್ಟಿ ಸರಿಮಾಡಿಸಿಕೊಳ್ಳಿ. ನಮ್ಮ ಚಿಕ್ಕಪ್ಪ ಹಾಗೆಯೇ ಕಾಯುತ್ತಿದ್ದಾರೆ.

ನಕ್ಷೆ ಪ್ರಕಾರ:

ಚಿಕ್ಕಪ್ಪನವರು ಕಾಯುತ್ತಲೇ ಇರುತ್ತಾರೆ. ಆ ಯೋಜನೆಯಲ್ಲಿ 2013ರ ಅಕ್ಟೋಬರ್ 19ರ ಒಳಗಿನ ಕಟ್ಟಡಗಳಿಗೆ ಮಾತ್ರ ಅವಕಾಶ. ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಎತ್ತಿಹಿಡಿದದ್ದನ್ನು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆಯಿತು. ಇವತ್ತು ಪಾಯ ತೋಡುವವರಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಇಂಥ ಸಲಹೆ ಕೊಟ್ಟು ಒಂದು ಸಂಸಾರದ ಲಕ್ಷ ರೂಪಾಯಿ ಮುಳುಗಿಸಬೇಡಿ.

ಕೆಂಪುಕಲ್ಲು:

ಮಾರಾಯರೇ, ಕಾಗದದ ಮಾತು ಸಾಕು. ಕರಾವಳಿಯಲ್ಲಿ ನಾನು ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚು ಹಾಕಿ ಕಟ್ಟಿದ್ದೇನೆ. ಪಫ್ ಶೀಟ್ ಶಿಫಾರಸು ಮಾಡಿದವರು ಜುಲೈ ತಿಂಗಳಲ್ಲಿ ಇಲ್ಲಿಗೆ ಬರಲಿ. ತಗಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ಟೇಪಿನ ಅಳತೆ ಕೂಗಿ ಹೇಳಿದರೂ ಕೇಳುವುದಿಲ್ಲ. ಹಂಚಿನ ಕೆಳಗೆ ಗಾಳಿ ಆಡುತ್ತದೆ, ಉಳಿ ತುಕ್ಕು ಹಿಡಿಯುವುದು ಕಡಿಮೆ. ಆದರೂ ಯಂತ್ರದ ಎರಕದ ಕಬ್ಬಿಣದ ಮೇಜಿಗೆ ತೆಂಗಿನೆಣ್ಣೆ ಹಚ್ಚಬೇಡಿ, ಅಂಟಾಗುತ್ತದೆ. ಮೇಣ ಉಜ್ಜಿ. ಗೆದ್ದಲಿಗೆ ಪಾಯದಲ್ಲೇ ಔಷಧಿ ಹಾಕಿಸಿ, ಆಮೇಲೆ ಹಾಕಿಸಿದ್ದು ನಿಲ್ಲುವುದಿಲ್ಲ. ಮತ್ತೆ ಸೂರಿನ ನೀರು ಪಕ್ಕದ ಕಾಂಪೌಂಡಿಗೆ ಬೀಳದಂತೆ ದಂಬೆ ಕಟ್ಟಿಸಿ. ನಮ್ಮಲ್ಲಿ ಅರ್ಧ ದಾವೆಗಳು ಅಲ್ಲಿಂದಲೇ ಹುಟ್ಟುವುದು.

ನಕ್ಷೆ ಪ್ರಕಾರ:

ಮಳೆಯ ಸದ್ದು ಸಾದಾ ತಗಡಿನದು, ಪಫ್ ಶೀಟಿನದಲ್ಲ. ಬಳಸದೆ ಹೇಳಬೇಡಿ. ಹಂಚು ಹೊರಲು ಬೇಕಾದ ಮರದ ರೀಪು, ಪಕಾಸಿಯ ಬೆಲೆಯನ್ನೂ ಬರೆಯಿರಿ.

ಕೆಂಪುಕಲ್ಲು:

ಹಳೆಯ ಮನೆ ಕೆಡವಿದಲ್ಲಿ ತಂದದ್ದು. ಪಕಾಸಿ, ರೀಪು, ಹಂಚು ಎಲ್ಲ ಸೇರಿ 27,500, ಸಾಗಾಟ 4,000. ನಿಮ್ಮ ಶೀಟಿನ ಅರ್ಧವೂ ಆಗಲಿಲ್ಲ.

ಹೊಸ ಉಳಿ:

ಎಲ್ಲರಿಗೂ ಧನ್ಯವಾದ. ಹಳೆಯ ನಕ್ಷೆ ಹುಡುಕಿ ತೆಗೆದೆ. ಹಿಂದೆ ಬಿಡಬೇಕಾದ ಜಾಗ ಬಿಟ್ಟರೆ 10 ಅಡಿಗೆ ಸ್ವಲ್ಪ ಕಡಿಮೆ ಸಿಗುತ್ತದೆ. ಒಗೆಯುವ ಕಲ್ಲು ಸರಿಸಬೇಕು. ಪಕ್ಕದ ಮನೆಯವರ ಮಲಗುವ ಕೋಣೆಯ ಕಿಟಕಿ ಆ ಕಡೆಗೇ ಇದೆ, ಇವತ್ತು ಸಂಜೆ ಹೋಗಿ ಮಾತನಾಡುತ್ತೇನೆ. ನಕ್ಷೆಯವರೇ, ವಿಸ್ತರಣೆಯ ಅರ್ಜಿಗೆ ಹಳೆಯ ನಕ್ಷೆಯ ಮೂಲಪ್ರತಿಯೇ ಬೇಕೇ, ದೃಢೀಕೃತ ನಕಲು ನಡೆಯುತ್ತದೆಯೇ?

ನಕ್ಷೆ ಪ್ರಕಾರ:

ನನಗೆ ನಕಲು ನಡೆಯಿತು. ಜೊತೆಗೆ ಖಾತೆ ಮತ್ತು ಈ ಸಾಲಿನ ತೆರಿಗೆ ರಸೀದಿ.

ಬಯಲುಸೀಮೆಯವನು:

ಸ್ವೀಕೃತಿಗೆ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.