ಪದಚರ್ಚೆ: ‘ಬ್ರೇಕ್‌ಅವೇ’ ಪಂಗಡಕ್ಕೆ ಕನ್ನಡದಲ್ಲಿ ಏನನ್ನೋಣ? (ಮಾರ್ಮನ್, ತುರ್ತು)

ಕೇಳಿದವರು:
ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಅಮೆರಿಕದ ಧಾರ್ಮಿಕ ಪಂಗಡಗಳ ಬಗೆಗಿನ ಬರಹವೊಂದನ್ನು ಅನುವಾದಿಸುತ್ತಿದ್ದೇನೆ. ಜೇಮ್ಸ್ ಸ್ಟ್ರ್ಯಾಂಗ್‌ನ ಹಿಂದೆ ಹೋದವರನ್ನು ಮೂಲದಲ್ಲಿ ‘ಬ್ರೇಕ್‌ಅವೇ ಮಾರ್ಮನ್ ಕಮ್ಯೂನಿಟಿ’ ಎಂದಿದ್ದಾರೆ. (ಮಾರ್ಮನ್ನರು ಅಂದರೆ ಅಮೆರಿಕದಲ್ಲಿ ಜೋಸೆಫ್ ಸ್ಮಿತ್ ಹುಟ್ಟುಹಾಕಿದ ಕ್ರೈಸ್ತ ಪಂಗಡದವರು.) ‘ಒಡೆದುಹೋದ’ ಅಂದರೆ ಮಡಕೆಯ ಮಾತಾಗುತ್ತದೆ. ‘ಪ್ರತ್ಯೇಕತಾವಾದಿ’ ಅಂದರೆ ಬಂದೂಕು ಕಾಣುತ್ತದೆ. ‘ಭಿನ್ನಮತೀಯ’ ಅಂದರೆ ರೆಸಾರ್ಟ್‌ನಲ್ಲಿ ಕೂತ ಶಾಸಕರು. ಸ್ಟ್ರ್ಯಾಂಗ್‌ನ ಚಿತ್ರದ ಅಡಿಬರಹಕ್ಕೆ ‘ಬೀವರ್ ದ್ವೀಪದ ರಾಜ’ ಅಂತ ಬರೆದಿದ್ದೇನೆ. ಅದೂ ಸರಿಯೇ?

ಧಾರವಾಡದಿಂದ:
‘ಸಿಡಿದ ಬಣ’. ಮುಗೀತು. ಪಂಥ, ಶಾಖೆ, ಸಂಪ್ರದಾಯ ಎಲ್ಲಾ ಎರವಲು ಸರಕು. ಬಣ ಅಚ್ಚಗನ್ನಡ. ಹುಲ್ಲು ಒಟ್ಟಿದರೆ ಬಣವೆ, ಜನ ಒಟ್ಟಾದರೆ ಬಣ. ‘ರಾಜ’ ತೆಗೆದು ‘ಅರಸ’ ಹಾಕಿ. ‘ದ್ವೀಪ’ ತೆಗೆದು ‘ನಡುಗಡ್ಡೆ’ ಹಾಕಿ.

ಮೈಸೂರಿನಿಂದ:
ಬಣಕ್ಕೂ ಬಣವೆಗೂ ನಂಟಿದೆ ಅನ್ನುವುದಕ್ಕೆ ಪುರಾವೆ? ಸದ್ದು ಹತ್ತಿರವಾದರೆ ಬೀಗತನ ಆಗಿಬಿಡುತ್ತಾ? ಇನ್ನು ‘ಅರಸ’ ಕೂಡ ‘ರಾಜ’ನಿಂದಲೇ ಬಂದದ್ದು ಅನ್ನುವ ವಿದ್ವಾಂಸರು ಬೇಕಾದಷ್ಟಿದ್ದಾರೆ. ಸುಮ್ನೆ ವೇಷ ಬದಲಿಸಿದ ಎರವಲು ಅಷ್ಟೆ.

ಧಾರವಾಡದಿಂದ:
ಅದು ಸಂಸ್ಕೃತದವರ ಹಳೇ ರಾಗ. ಉತ್ತರ ಕೊಡುವುದಿಲ್ಲ.

ಶಿವಮೊಗ್ಗದಿಂದ:
ಇಬ್ಬರೂ ಸ್ವಲ್ಪ ತಡೆಯಿರಿ. ಯಾರು ಯಾರಿಂದ ಸಿಡಿದರು ಅಂತ ಯಾರೂ ಕೇಳಲಿಲ್ಲವಲ್ಲ! ಜೋಸೆಫ್ ಸ್ಮಿತ್ ಕೊಲೆಯಾದದ್ದು 1844ರ ಜೂನ್ 27ರಂದು, ಇಲಿನಾಯ್‌ನ ಕಾರ್ಥೇಜ್ ಜೈಲಿನಲ್ಲಿ. ಮುಂದಿನ ಪ್ರವಾದಿ ಯಾರು ಅನ್ನುವುದು ಇತ್ಯರ್ಥವಾಗಿರಲಿಲ್ಲ. ಬ್ರಿಗಮ್ ಯಂಗ್, ಸಿಡ್ನಿ ರಿಗ್ಡನ್, ಸ್ಟ್ರ್ಯಾಂಗ್ ಮೂವರೂ ‘ನಾನು’ ಅಂದರು. ಸ್ಟ್ರ್ಯಾಂಗ್ ವಕೀಲ. ಅವನಿಗೆ ದೀಕ್ಷಾಸ್ನಾನವಾಗಿದ್ದೇ ಆ ವರ್ಷದ ಫೆಬ್ರವರಿಯಲ್ಲಿ. ‘ಸ್ಮಿತ್ ನನ್ನನ್ನು ನೇಮಿಸಿದ್ದಾನೆ’ ಅಂತ ಜೂನ್ 18ರ ತಾರೀಖಿನ ಒಂದು ಕಾಗದ ತೋರಿಸಿದ. ಅದು ಈಗ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಸಹಿ ಸ್ಮಿತ್‌ನ ಕೈಬರಹವಲ್ಲ ಅನ್ನುವವರೇ ಜಾಸ್ತಿ. ಆದರೂ ಸ್ಮಿತ್‌ನ ತಮ್ಮ ವಿಲಿಯಂ, ಮಾರ್ಮನ್ ಗ್ರಂಥಕ್ಕೆ ಸಾಕ್ಷಿ ಹಾಕಿದ್ದ ಮಾರ್ಟಿನ್ ಹ್ಯಾರಿಸ್ ಇಬ್ಬರೂ ಕೆಲಕಾಲ ಇವನ ಜೊತೆಗಿದ್ದರು.

ಸ್ಟ್ರ್ಯಾಂಗ್ ಗುಂಪಿನ ಲೆಕ್ಕದಲ್ಲಿ ಬ್ರಿಗಮ್ ಯಂಗ್ ಹಿಂದೆ ಯೂಟಾಗೆ ಹೋದವರೇ ಸಿಡಿದವರು. ‘ಬ್ರೇಕ್‌ಅವೇ’ ಅನ್ನುವುದು ಗೆದ್ದವರು ಹಚ್ಚಿದ ಹೆಸರು. ಹಾಗಾಗಿ ‘ಕವಲು’ ಸಾಕು. ಕವಲಿನಲ್ಲಿ ಯಾವುದು ಮೂಲ ಅಂತ ತೀರ್ಪು ಕೊಡಬೇಕಾಗಿಲ್ಲ, ಅಲ್ವಾ?

‘ದ್ವೀಪದ ರಾಜ’ ಮಾತ್ರ ತಪ್ಪು. 1850ರ ಜುಲೈ 8ರಂದು ಕಿರೀಟ ಇಟ್ಟಿದ್ದು ನಿಜ. ಇಟ್ಟವನು ಜಾರ್ಜ್ ಆ್ಯಡಮ್ಸ್, ಕಸುಬಿನಲ್ಲಿ ನಾಟಕದವನು! ಆದರೆ ಸ್ಟ್ರ್ಯಾಂಗ್ ತಾನು ದೇವರ ರಾಜ್ಯದ, ಅಂದರೆ ತನ್ನ ಸಭೆಯ ರಾಜ ಅಂದನೇ ಹೊರತು ನೆಲದ ರಾಜ ಅನ್ನಲಿಲ್ಲ. 1851ರಲ್ಲಿ ಡೆಟ್ರಾಯಿಟ್‌ನಲ್ಲಿ ಕೇಸು ನಡೆದು ಖುಲಾಸೆಯಾಯಿತು. ಆಮೇಲೆ ಎರಡು ಸಲ ಮಿಶಿಗನ್ ಶಾಸನಸಭೆಗೆ ಆರಿಸಿ ಬಂದ. ರಾಜನೂ ಹೌದು, ಎಮ್ಮೆಲ್ಲೆಯೂ ಹೌದು.

ಮೈಸೂರಿನಿಂದ:
ಇನ್ನೊಂದು ತಮಾಷೆ. 1845ರಲ್ಲಿ ವಿಸ್ಕಾನ್ಸಿನ್‌ನ ವೋರೀಯಲ್ಲಿ ಅವನು ಮೂರು ಪುಟ್ಟ ಹಿತ್ತಾಳೆ ತಗಡು ಅಗೆಸಿ ತೆಗೆಸಿದ. ಅದನ್ನು ಬರೆಸಿದವನ ಹೆಸರು ‘ವೊರಿಟೊದ ರಾಜಾ ಮಂಚೂ’ ಅಂತ ಓದಿ ಹೇಳಿದ. ವಿಸ್ಕಾನ್ಸಿನ್ ಮಣ್ಣಿನಡಿಗೇ ನುಗ್ಗಿದ ‘ರಾಜಾ’ನನ್ನು ಕನ್ನಡದಿಂದ ಯಾಕೆ ಓಡಿಸುತ್ತೀರಿ?

ಧಾರವಾಡದಿಂದ:
ಅವನ ಎರವಲು ಅವನಿಗಿರಲಿ. ‘ಕವಲು’ ಒಪ್ಪಿದೆ. ಕನ್ನಡ ಬೇರಿನದು.

ಮಂಗಳೂರಿನಿಂದ:
ಮಾರ್ಮನ್ನರು ತಮ್ಮನ್ನು ‘ಸೇಂಟ್ಸ್’ ಅಂತ ಕರೆದುಕೊಳ್ಳುತ್ತಾರೆ. ಅದಕ್ಕೆ ‘ಸಂತರು’ ಅಂತ ಬರೆಯಬೇಡಿ. ಕನ್ನಡದವರಿಗೆ ಸಂತ ಅಂದರೆ ಕಬೀರ, ಶರೀಫ, ಇಲ್ಲವೇ ಸಂತ ಅಲೋಶಿಯಸ್. ಹಳೆಯ ಕನ್ನಡ ಬೈಬಲ್ಲಿನಲ್ಲಿ ‘ದೇವಜನರು’ ಇದೆ, ಇವರ ಅರ್ಥಕ್ಕೂ ಅದೇ ಹತ್ತಿರ. ಸ್ಟ್ರ್ಯಾಂಗ್ 1851ರಲ್ಲಿ ಹೊರತಂದ ‘ಬುಕ್ ಆಫ್ ದ ಲಾ ಆಫ್ ದ ಲಾರ್ಡ್’ ‘ಕರ್ತನ ಧರ್ಮಶಾಸ್ತ್ರ’ ಆಗಲಿ. ‘ದೇವರ ಕಾನೂನು ಪುಸ್ತಕ’ ಅಂದರೆ ವಕೀಲರ ಗುಮಾಸ್ತ ಬರೆದಂತಿರುತ್ತದೆ. ಅವನ ಹಿಂದೆ ಹೋದವರಿಗೆ ‘ಸ್ಟ್ರ್ಯಾಂಗೈಟ್’ ಅನ್ನುವುದು ಬೇರೆಯವರು ಇಟ್ಟ ಹೆಸರು. ಬೇಕಿದ್ದರೆ ಒಂದೇ ಸಲ ಬಳಸಿ.

ಧಾರವಾಡದಿಂದ:
ಧರ್ಮವೂ ಸಂಸ್ಕೃತ, ಶಾಸ್ತ್ರವೂ ಸಂಸ್ಕೃತ. ‘ಕಟ್ಟಳೆ’ ಏನು ಸತ್ತುಹೋಗಿದೆಯೇ?

ಮಂಗಳೂರಿನಿಂದ:
ನೂರಾರು ವರ್ಷದಿಂದ ಬೈಬಲ್ ಓದುವವರ ಬಾಯಲ್ಲಿ ಇರುವ ಪದ ಅದು. ಅವರೂ ಕನ್ನಡಿಗರೇ ಸ್ವಾಮಿ.

ಕೇಳಿದವರು:
ಎಲ್ಲರಿಗೂ ವಂದನೆ. ಪಠ್ಯದಲ್ಲಿ ‘ಮಾರ್ಮನ್ನರ ಒಂದು ಕವಲು’ ಅಂತ ಹಾಕಿದೆ. ಅಡಿಬರಹ ಹೀಗಿದೆ: ‘ಜೇಮ್ಸ್ ಸ್ಟ್ರ್ಯಾಂಗ್. 1850ರಲ್ಲಿ ಮಿಶಿಗನ್ ಸರೋವರದ ಬೀವರ್ ದ್ವೀಪದಲ್ಲಿ ತನ್ನ ಸಭೆಯ ರಾಜನಾಗಿ ಕಿರೀಟ ಧರಿಸಿದ. 1856ರ ಜೂನ್‌ನಲ್ಲಿ ಅಲ್ಲಿನ ಹಡಗುಕಟ್ಟೆಯ ಬಳಿ ಗುಂಡೇಟು ತಿಂದು ಜುಲೈ 9ರಂದು ವೋರೀಯಲ್ಲಿ ಸತ್ತ. ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ.’

ಧಾರವಾಡದಿಂದ:
‘ಸರೋವರ’ ಯಾಕೆ? ‘ಕೆರೆ’ ಅನ್ನಿ.

ಶಿವಮೊಗ್ಗದಿಂದ:
ಆಚೆ ದಡ ಕಾಣದ ನೀರಿಗೆ ಕೆರೆ ಅಂತೀರಾ? ಕೆರೆ ಕಟ್ಟಿಸುವುದು. ಅದನ್ನು ಯಾರು ಕಟ್ಟಿಸಿದರು?